ಸ್ಕ್ರೀನ್‌ಶಾಟ್ ಬೇಡ, ರೆಕಾರ್ಡಿಂಗ್ ಕೊಡಿ ಮಾರಾಯ್ರೇ

ನಮಸ್ಕಾರ. ಇವತ್ತು ಕೀಬೋರ್ಡ್ ಬಗ್ಗೆ ಮಾತಾಡೋಣ ಅಂತ ಇದ್ದೆ. ಬೆಳಿಗ್ಗೆ ಕಾಫಿ ಹಿಡಿದು ಕಾಮೆಂಟ್ ನೋಡಲು ಕೂತೆ, ಅದೇ ತಪ್ಪಾಯಿತು. ಕಳೆದ ವಿಡಿಯೋದಲ್ಲಿ ಹೇಳಿದ್ದೆ: ಪ್ಲಗಿನ್ (ಸೈಟಿಗೆ ಜೋಡಿಸುವ ಸಣ್ಣ ಪ್ರೋಗ್ರಾಂ) ಡಿಬಗ್ ಮಾಡೋಕೆ, ಅಂದರೆ ಅದರ ದೋಷ ಹುಡುಕೋಕೆ, ಅದು ಹೊರಗಿನ ಸರ್ವರ್ ಜೊತೆ ಆಡಿದ ಮಾತನ್ನೆಲ್ಲ ರೆಕಾರ್ಡ್ ಮಾಡಿ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಗುರುವೇ, ಪ್ಲಗಿನ್ ಡಿಬಗ್ ಮಾಡೋಕೆ ಟ್ರಾಫಿಕ್ ರೆಕಾರ್ಡಿಂಗ್ ಎಲ್ಲ ಬೇಕಾ? ನಾಲ್ಕು ಕಡೆ ಪ್ರಿಂಟ್ ಹಾಕಿದರೆ ಆಯ್ತು." ಅದಕ್ಕೆ 63 ಲೈಕ್. ನನ್ನ ವಿಡಿಯೋಗೆ 41.

ಕೋಡ್ ನಡುವೆ, ಒಳಗೆ ಏನಾಗುತ್ತಿದೆ ಅಂತ ತೋರಿಸುವ ಪ್ರಿಂಟ್ ಸಾಲು ಹಾಕಿ ಸ್ವಾಮಿ, ಯಾರು ಬೇಡ ಅಂದರು. ಆದರೆ ಎಲ್ಲಿ ಹಾಕಬೇಕು ಅಂತ ಗೊತ್ತಿದ್ದರೆ ಅರ್ಧ ಬಗ್ ಆಗಲೇ ಸಿಕ್ಕಿದ ಹಾಗೆ ಅಲ್ವಾ? ಗೊತ್ತಿಲ್ಲದೆ ಇದ್ದಾಗ ಏನು ಮಾಡುತ್ತೀರಿ? ಅದಕ್ಕೇ ಹೇಳಿದ್ದು: ಮೊದಲು ರೆಕಾರ್ಡ್ ಮಾಡಿ. ಆಮೇಲೆ ತಲೆ ಕೆರೆದುಕೊಳ್ಳಿ.

ನನ್ನದೇ ಕಥೆ ಕೇಳಿ. ಉಪ್ಪಿನಕಾಯಿ, ಹಪ್ಪಳ ಮಾರುವ ವರ್ಡ್‌ಪ್ರೆಸ್‌ನಲ್ಲಿ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಕಟ್ಟಿದ ಒಂದು ಸಣ್ಣ ಆನ್‌ಲೈನ್ ಅಂಗಡಿಗೆ ಪ್ಲಗಿನ್ ಬರೆದುಕೊಟ್ಟಿದ್ದೆ. ಗಿರಾಕಿ ಪಿನ್‌ಕೋಡ್ ಹಾಕಿದ ಕೂಡಲೇ ಒಂದು ಕೊರಿಯರ್ ಕಂಪನಿಯ ಸರ್ವರನ್ನು ಕೇಳಿ ಸಾಗಣೆ ದರ ತೋರಿಸುತ್ತದೆ, ಅಷ್ಟೇ ಕೆಲಸ. ವಾರಕ್ಕೊಮ್ಮೆ ಅಂಗಡಿಯವರ ಫೋನ್. "ನಿನ್ನೆ ರಾತ್ರಿ ಯಾರಿಗೋ ಸಾಗಣೆ ಫ್ರೀ ಆಗಿದೆ. ಐದು ಕೆಜಿ ಮಿಡಿ ಉಪ್ಪಿನಕಾಯಿ, ಡೆಲ್ಲಿಗೆ!" ಸಾಕ್ಷಿಗೆ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ದೊಡ್ಡ ಸೊನ್ನೆ. ನಾನು ಪರೀಕ್ಷೆ ಮಾಡಿದರೆ ದರ ಸರಿಯಾಗಿಯೇ ಬರುತ್ತದೆ. ಪ್ರಿಂಟ್ ಹಾಕಿದೆ. ಹೌದು, ನಾಲ್ಕು ಕಡೆ ಅಲ್ಲ, ಹದಿನಾಲ್ಕು ಕಡೆ. ಮೂರು ವಾರ ಹೋಯಿತು.

ಕೊನೆಗೆ ಬುದ್ಧಿ ಬಂತು. ವರ್ಡ್‌ಪ್ರೆಸ್ ಒಳಗೆ 'ಎಚ್‌ಟಿಟಿಪಿ ಎಪಿಐ ಡಿಬಗ್' ಅಂತ ಒಂದು ಹುಕ್ ಇದೆ, ನಮ್ಮ ಕೋಡ್ ಸಿಕ್ಕಿಸುವ ಕೊಕ್ಕೆ. ಸೈಟು ಹೊರಗೆ ಏನೇ ಕೇಳಲಿ, ಉತ್ತರ ಬಂದ ಮೇಲೆ ಇದು ಎದ್ದು ಕೂರುತ್ತದೆ. ಕೇಳಿದ್ದು ಏನು, ಬಂದದ್ದು ಏನು, ಎಲ್ಲವನ್ನೂ ಫೈಲಿಗೆ ಬರೆಸಿದೆ. ಹತ್ತು ಸಾಲು ಕೋಡ್. ಮೂರನೇ ರಾತ್ರಿ 2 ಗಂಟೆ 10 ನಿಮಿಷಕ್ಕೆ ಮೀನು ಬಲೆಗೆ ಬಿತ್ತು. ಕೊರಿಯರ್‌ನವರ ಸರ್ವರ್ ದರ ಕಳಿಸುವ ಬದಲು "ರಿಪೇರಿ ನಡೆಯುತ್ತಿದೆ" ಅನ್ನುವ ಎಚ್‌ಟಿಎಂಎಲ್ ಪುಟ ಕಳಿಸಿದೆ. ಸ್ಟೇಟಸ್ ಕೋಡ್ ಎಷ್ಟು? 200! ಎಲ್ಲ ಕ್ಷೇಮ ಅಂತ! ಮನೆಗೆ ಬೆಂಕಿ ಬಿದ್ದಾಗ ಬಾಗಿಲಿಗೆ ರಂಗೋಲಿ ಹಾಕಿದ ಹಾಗೆ. ನನ್ನ ಕೋಡ್ ಅದನ್ನು ಜೇಸನ್ (ಪ್ರೋಗ್ರಾಂಗಳು ಮಾಹಿತಿ ಕಳಿಸುವ ರೂಪ) ಅಂತ ನಂಬಿ ಬಿಡಿಸಲು ಹೋಯಿತು, ನಲ್ ಸಿಕ್ಕಿತು, ಅಂದರೆ ಏನೂ ಇಲ್ಲ. ವರ್ಡ್‌ಪ್ರೆಸ್‌ನ ಭಾಷೆ ಪಿಎಚ್‌ಪಿಯಲ್ಲಿ ನಲ್‌ಗೆ ಏನು ಗುಣಿಸಿದರೂ ಸೊನ್ನೆ. ಸೊನ್ನೆ ಅಂದರೆ ಫ್ರೀ. ಉಪ್ಪಿನಕಾಯಿ ಡೆಲ್ಲಿಗೆ ಹೊರಟಿತು.

ತಪ್ಪು ಅರ್ಧ ನನ್ನದೇ, ಒಪ್ಪುತ್ತೇನೆ. ಕಾಲು ಭಾಗ ಅಂತ ಇಟ್ಟುಕೊಳ್ಳಿ.

ಈಗ ಮಜಾ ನೋಡಿ. ಅದೇ ವರ್ಡ್‌ಪ್ರೆಸ್‌ನಲ್ಲಿ 'ಪ್ರೀ ಎಚ್‌ಟಿಟಿಪಿ ರಿಕ್ವೆಸ್ಟ್' ಅಂತ ಒಂದು ಫಿಲ್ಟರ್ ಇದೆ. ಅಲ್ಲಿ ನೀವೇ ಒಂದು ಉತ್ತರ ಕೊಟ್ಟರೆ ವರ್ಡ್‌ಪ್ರೆಸ್ ಹೊರಗೆ ಹೋಗುವುದೇ ಇಲ್ಲ. ರಾತ್ರಿ 2:10ರ ಆ ಉತ್ತರವನ್ನು ಹಗಲು 11 ಗಂಟೆಗೆ, ಚಕ್ಕುಲಿ ತಿನ್ನುತ್ತಾ, ನಲವತ್ತು ಸಲ ಬಡಿಸಿದೆ. ನಲವತ್ತು ಸಲವೂ ಸೊನ್ನೆ. ಆ ಸೊನ್ನೆ ನೋಡಿ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು. ಸರಿಮಾಡಲು ಹದಿನೈದು ನಿಮಿಷ ಹಿಡಿಯಿತು.

ಇಷ್ಟಾದ ಮೇಲೂ ಪ್ರಿಂಟ್ ಅನ್ನುತ್ತೀರಾ?

ನಮ್ಮ ಕಡೆ ತಾಳಮದ್ದಳೆ ಇರುತ್ತದಲ್ಲ. ಪ್ರಸಂಗ ಅದೇ, ಪದ್ಯ ಅದೇ. ಆದರೆ ಅರ್ಥಧಾರಿ ನಿನ್ನೆ ಹೇಳಿದ ಮಾತು ಇವತ್ತು ಹೇಳುವುದಿಲ್ಲ. ಅದಕ್ಕೇ ಹಳಬರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ವೇದಿಕೆ ಮುಂದೆ ಇಡುತ್ತಿದ್ದರು. ಇಂಟರ್ನೆಟ್ ಆಚೆಯ ಸರ್ವರ್ ಕೂಡ ಹಾಗೇ. ಕೇಳಿದ್ದು ಅದೇ ಆದರೂ ಉತ್ತರ ದಿನಕ್ಕೊಂದು. ಟೇಪ್ ಇಲ್ಲದೆ "ಮೊನ್ನೆ ಹಾಗಂದರು" ಅಂದರೆ ಯಾರು ನಂಬುತ್ತಾರೆ? ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಜನ ಇದನ್ನು ಯಾವತ್ತೋ ಅರ್ಥ ಮಾಡಿಕೊಂಡು, ಹಳೇ ವಿಡಿಯೋ ಟೇಪ್ ಯಂತ್ರದ ಹೆಸರೇ ಇಟ್ಟು, ವಿಸಿಆರ್ ಅಂತಲೇ ಒಂದು ಲೈಬ್ರರಿ (ಸಿದ್ಧ ಕೋಡ್) ಬರೆದರು. ರೆಕಾರ್ಡ್ ಆದ ಫೈಲಿಗೆ ಅಲ್ಲಿ ಕ್ಯಾಸೆಟ್ ಅಂತಲೇ ಹೆಸರು.

ಇನ್ನೊಬ್ಬರು ಕೇಳಿದ್ದಾರೆ: "ಬ್ರೌಸರ್‌ನಲ್ಲೇ ಹಾರ್ ಫೈಲ್ ತೆಗೆಯಬಹುದಲ್ಲ?" ತೆಗೆಯಬಹುದು. ಮಲ್ಲಿಗೆ ಹಾರ ಅಲ್ಲ, ಹಾರ್: ಬ್ರೌಸರ್ ಕೇಳಿದ್ದು, ಅದಕ್ಕೆ ಬಂದದ್ದು ಎಲ್ಲ ಬರೆದಿಟ್ಟ ಫೈಲ್. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್‌ಗೆ ಹೋದರೆ ಸಿಗುತ್ತದೆ. ಬ್ರೌಸರ್ ಎಕ್ಸ್‌ಟೆನ್ಶನ್ ಬರೆಯುವವರಿಗೆ ಒಳ್ಳೆಯದೇ. ಆದರೆ ನನ್ನ ಪ್ಲಗಿನ್ ಕೊರಿಯರ್‌ನವರನ್ನು ಕೇಳಿದ್ದು ಸರ್ವರ್‌ನಿಂದ. ಅದು ಗಿರಾಕಿಯ ಬ್ರೌಸರ್‌ಗೆ ಕಾಣುವುದೇ ಇಲ್ಲ. ಅಲ್ಲಿ ನಾನು ಹೇಳಿದ ಹುಕ್ ಬೇಕು, ಇಲ್ಲವೇ ಎಂಐಟಿಎಂ ಪ್ರಾಕ್ಸಿಯಂಥ ಮಧ್ಯವರ್ತಿ ಪ್ರೋಗ್ರಾಂ ಒಂದನ್ನು ನಡುವೆ ಕೂರಿಸಬೇಕು. ಆ ಪ್ರಾಕ್ಸಿ ಬಂದದ್ದು ಹೋದದ್ದು ಎಲ್ಲ ಬರೆದಿಟ್ಟುಕೊಂಡು, ಬೇಕಾದಾಗ ತಾನೇ ಸರ್ವರ್ ವೇಷ ಹಾಕಿ ಅದೇ ಉತ್ತರ ಕೊಡುತ್ತದೆ. ನಿಮ್ಮ ಸರ್ವರ್ ಅದರ ಸರ್ಟಿಫಿಕೇಟನ್ನು (ಗುರುತಿನ ಚೀಟಿ) ನಂಬುವ ಹಾಗೆ ಮೊದಲು ಮಾಡಬೇಕು, ಇಲ್ಲದಿದ್ದರೆ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕ) ಎರರ್ ಬಂದು ನನ್ನನ್ನು ಬೈಯುತ್ತೀರಿ. ಪೂರ್ತಿ ವಿವರ ನನ್ನ ಕೋರ್ಸ್‌ನಲ್ಲಿ ಇದೆ. 499 ರೂಪಾಯಿ. ಒಂದು ಮಸಾಲೆ ದೋಸೆಗಿಂತ ಸ್ವಲ್ಪ ಜಾಸ್ತಿ. ಸ್ವಲ್ಪ ಅಲ್ಲ, ಸರಿ.

"ಪ್ರೈವೆಸಿ ಗತಿ ಏನು?" ಹಾ, ಇದು ಒಳ್ಳೆ ಪ್ರಶ್ನೆ. 2023ರಲ್ಲಿ, ಬೇರೆ ಕಂಪನಿಗಳಿಗೆ ಲಾಗಿನ್ ಸೇವೆ ಕೊಡುವ ಓಕ್ಟಾ ಕಂಪನಿಯ ಸಪೋರ್ಟ್ ವ್ಯವಸ್ಥೆಗೆ ಕಳ್ಳರು ನುಗ್ಗಿದರು. ಗ್ರಾಹಕರು ಡಿಬಗ್ ಮಾಡಲಿ ಅಂತ ಕೊಟ್ಟಿದ್ದ ಹಾರ್ ಫೈಲುಗಳು ಅಲ್ಲಿದ್ದವು. ಕೆಲವದರಲ್ಲಿ ಸೆಶನ್ ಟೋಕನ್, ಅಂದರೆ ಲಾಗಿನ್ ಆದವರಿಗೆ ಸಿಗುವ ಪಾಸ್, ಹಾಗೇ ಇತ್ತು. ಪಾಸ್‌ವರ್ಡೇ ಬೇಡ, ಟೋಕನ್ ಹಿಡಿದು ಒಳಗೆ ಹೋಗಬಹುದು. ಹಾಗೆ 5 ಗ್ರಾಹಕ ಕಂಪನಿಗಳ ಸೆಶನ್ ಕದ್ದರು. ಕ್ರೋಮ್ ಬ್ರೌಸರ್‌ನ 130ನೇ ಆವೃತ್ತಿಯಿಂದ ಹಾರ್ ತೆಗೆದರೆ, ಟೋಕನ್ ಕೂರುವ ಕುಕಿ ಮತ್ತು ಆಥರೈಸೇಶನ್ ಹೆಡರ್ ಅನ್ನು ಬ್ರೌಸರೇ ಮೊದಲೇ ತೆಗೆದುಬಿಡುತ್ತದೆ. ಅಂದರೆ ಏನು? ಟೋಕನ್ ಅಳಿಸಿ ಕಳಿಸಿ. ರೆಕಾರ್ಡೇ ಮಾಡಬೇಡಿ ಅಂತ ಅಲ್ಲ! ಮೂಗಿಗೆ ನೆಗಡಿ ಬಂತು ಅಂತ ಮೂಗನ್ನೇ ಕೊಯ್ದುಕೊಳ್ಳುತ್ತೀರಾ?

"ಸ್ಯಾಂಡ್‌ಬಾಕ್ಸ್ ಇದೆಯಲ್ಲ ಸರ್?" ಅಯ್ಯೋ. ಕಂಪನಿಯವರು ಪರೀಕ್ಷೆಗೆ ಅಂತ ಕೊಡುವ ಸರ್ವರ್ ಅದು. ಸ್ಯಾಂಡ್‌ಬಾಕ್ಸ್ ಅಂದರೆ ನೆಂಟರು ಬರುವ ದಿನದ ಮನೆ. ಎಲ್ಲ ಒಪ್ಪ ಓರಣ. ರಾತ್ರಿ 2:10ಕ್ಕೆ ಬಂದು ನೋಡಿ.

"ಎಪಿಐ (ಸರ್ವರನ್ನು ಕೇಳುವ ರೀತಿ) ಬದಲಾದರೆ ರೆಕಾರ್ಡಿಂಗ್ ಹಳತಾಗುತ್ತದೆ." ಆಗಲಿ! ಮತ್ತೆ ರೆಕಾರ್ಡ್ ಮಾಡಿ! ಯುಗಾದಿಗೆ ಪಂಚಾಂಗ ಬದಲಾಯಿಸುವುದಿಲ್ಲವಾ?

"ಸಮಯ ಸೇರಿಸಿ ಸಹಿ ಮಾಡಿದ ರಿಕ್ವೆಸ್ಟ್ ಆದರೆ ರಿಪ್ಲೇ ಹೊಂದುವುದಿಲ್ಲ." ಹೌದು, ಸಹಿ ಪ್ರತಿ ಸಲ ಬೇರೆ, ಹಳೇ ರೆಕಾರ್ಡಿಂಗ್‌ಗೆ ತಾಳೆ ಆಗುವುದಿಲ್ಲ. ಅದು ಸ್ವಲ್ಪ ಕಷ್ಟ. ಮುಂದಿನ ಕಾಮೆಂಟ್.

"ಅಣ್ಣ, ಹಿಂದೆ ಫ್ಯಾನ್ ಸದ್ದು." ಸೆಖೆ ಮಾರಾಯ. ಮೇ ತಿಂಗಳು. ನೀನು ಬಂದು ಇಲ್ಲಿ ಕೂರು.

ನಾನು ಹೇಳುವುದು ಒಂದೇ. ರೆಕಾರ್ಡ್ ಮಾಡಿ. ಯಾಕೆ ಅಂದರೆ... ಯಾಕೆ ಅಂತ ಹೇಳಿ ಆಯಿತಲ್ಲ. ಇನ್ನೆಷ್ಟು ಸಲ? ಸ್ಕ್ರಿಪ್ಟ್‌ನಲ್ಲಿ ಇನ್ನೂ ಎರಡು ಕಾರಣ ಬರೆದಿದ್ದೆ, ಒಂದರ ಮೇಲೆ ಕಾಫಿ ಚೆಲ್ಲಿದೆ, ಇನ್ನೊಂದು ಓದಿದರೆ ಮೊದಲನೆಯದೇ. ಪರವಾಗಿಲ್ಲ. ರೆಕಾರ್ಡ್ ಮಾಡಿ!

"ರೆಕಾರ್ಡ್ ಮಾಡು ಮಾರಾಯ" ಅಂತ ಸ್ಟಿಕ್ಕರ್ ಮಾಡಿಸಿದ್ದೇನೆ, ಲ್ಯಾಪ್‌ಟಾಪ್‌ಗೆ ಅಂಟಿಸಬಹುದು. ಲಿಂಕ್ ಕೆಳಗಿದೆ. ಒಂದು ನಿಮಿಷ, ಸ್ಟಿಕ್ಕರ್ ಬಗ್ಗೆಯೇ ಒಂದು ಮೆಸೇಜ್ ಬಂದಿದೆ. "ಸರ್, ನಿಮ್ಮ ಅಂಗಡಿಯಲ್ಲಿ ಪೇಮೆಂಟ್ ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ, ನೋಡಿ." ಜೊತೆಗೆ ಏನು ಕಳಿಸಿದ್ದಾರೆ...

ಫೋಟೋ. ಸ್ಕ್ರೀನ್‌ಶಾಟ್ ಕೂಡ ಅಲ್ಲ. ಮಾನಿಟರ್ ಎದುರು ಮೊಬೈಲ್ ಹಿಡಿದು ತೆಗೆದ ಫೋಟೋ. ಅದರಲ್ಲಿ ಟ್ಯೂಬ್‌ಲೈಟ್ ಕಾಣುತ್ತಿದೆ.