ಎಷ್ಟು ಮೈಕ್ರೋಗ್ರಾಂ ಸಾಕು?

ಕೇಳುಗರಿಗೆ ನಮಸ್ಕಾರ.

ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದು ಗೊತ್ತಾಗಿ ಮಾತ್ರೆ ಶುರುಮಾಡಿದವರಲ್ಲಿ ಅನೇಕರು ಹತ್ತು ಹನ್ನೆರಡು ದಿನಕ್ಕೇ ವಾಪಸು ಬರುತ್ತಾರೆ. "ಡಾಕ್ಟ್ರೇ, ಸುಸ್ತು ಹಾಗೇ ಇದೆ, ಮೈಯೂ ಇಳಿದಿಲ್ಲ. ಪವರ್ ಸ್ವಲ್ಪ ಜಾಸ್ತಿ ಮಾಡ್ತೀರಾ?" ಎನ್ನುತ್ತಾರೆ. ಕೇಳಿದರೆ ಪರವಾಗಿಲ್ಲ. ಕೇಳದೆ ತಾವೇ ಒಂದಕ್ಕೆ ಒಂದೂವರೆ ನುಂಗಿ ನೋಡಿದವರಿದ್ದಾರೆ. ಎದೆ ಡವಡವ ಎಂದಿತು ಅಂತ ಪೂರ್ತಿ ಬಿಟ್ಟವರೂ ಇದ್ದಾರೆ. ಈ ಮಾತ್ರೆಯ ವಿಷಯದಲ್ಲಿ ಅವಸರ ಯಾಕೆ ನಡೆಯುವುದಿಲ್ಲ, ಸರಿಯಾದ ಪ್ರಮಾಣ ಸಿಗಲು ಏನೇನು ಗಮನಿಸಬೇಕು ಎಂಬುದನ್ನು ಇವತ್ತು ಹೇಳುತ್ತೇನೆ.

ಮಾತ್ರೆಯ ಹೆಸರು ಲೆವೊಥೈರಾಕ್ಸಿನ್. ಕುತ್ತಿಗೆಯ ಮುಂಭಾಗದಲ್ಲಿರುವ ಗ್ರಂಥಿ ಸುರಿಸುವ ಟಿ-4 ಹಾರ್ಮೋನೇ ಇದು, ಕಾರ್ಖಾನೆಯಲ್ಲಿ ತಯಾರಾದದ್ದು ಎಂಬುದಷ್ಟೇ ವ್ಯತ್ಯಾಸ. ತಲೆನೋವಿನ ಮಾತ್ರೆ ಗಂಟೆಗಳಲ್ಲಿ ಮೈಯಿಂದ ಹೊರಟುಹೋಗುತ್ತದೆ. ಇದು ಹಾಗಲ್ಲ. ಇವತ್ತು ರಕ್ತಕ್ಕೆ ಸೇರಿದ ಟಿ-4ರಲ್ಲಿ ಅರ್ಧ ಖಾಲಿಯಾಗಲು ಸುಮಾರು ಏಳು ದಿನ ಬೇಕು. ದೊಡ್ಡ ತೊಟ್ಟಿಗೆ ದಿನಕ್ಕೊಂದು ಬಿಂದಿಗೆ ನೀರು ಸುರಿಯುತ್ತಿದ್ದೀರಿ, ಕೆಳಗಿನಿಂದ ಸ್ವಲ್ಪ ಸ್ವಲ್ಪ ಹರಿದು ಹೋಗುತ್ತಲೂ ಇದೆ ಎಂದುಕೊಳ್ಳಿ. ಬಿಂದಿಗೆ ದೊಡ್ಡದು ಮಾಡಿದ ಮರುದಿನ ನೀರಿನ ಮಟ್ಟ ನೋಡಿದರೆ ಏನೂ ತಿಳಿಯದು. ಮಟ್ಟ ಏರಿ ಒಂದು ಕಡೆ ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ. ಮೂರನೇ ವಾರಕ್ಕೆ ಮಾಡಿಸಿದ ಪರೀಕ್ಷೆ ಅರ್ಧ ದಾರಿಯ ಲೆಕ್ಕ. ಅದನ್ನು ನಂಬಿ ಮತ್ತೆ ಮಾತ್ರೆ ಏರಿಸಿದರೆ ಎರಡು ತಿಂಗಳ ಹೊತ್ತಿಗೆ ಪ್ರಮಾಣ ಮಿತಿಮೀರಿರುತ್ತದೆ.

ಪರೀಕ್ಷೆಯಲ್ಲಿ ಮುಖ್ಯವಾಗಿ ನೋಡುವುದು ಟಿಎಸ್‌ಎಚ್. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ ಅದು. ರಕ್ತದಲ್ಲಿ ಟಿ-4 ಕಡಿಮೆಯಾದರೆ ಟಿಎಸ್‌ಎಚ್ ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ. ಈ ಏರಿಳಿತ ಒಂದಕ್ಕೊಂದು ಸಮನಾಗಿ ನಡೆಯುವುದಿಲ್ಲ. ಟಿ-4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ನೂರು ಪಟ್ಟಿನಷ್ಟು ಏರಬಹುದು. ರಿಪೋರ್ಟಿನಲ್ಲಿ 60 ಎಂದು ಕಂಡು ಗಾಬರಿಯಾದವರಿಗೆ, 8 ಇದ್ದವರಿಗಿಂತ ಏಳೆಂಟು ಪಟ್ಟು ಮಾತ್ರೆ ಬೇಕೆಂದೇನೂ ಇಲ್ಲ. ಸಾಮಾನ್ಯ ಮಟ್ಟ 0.4ರಿಂದ 4ರ ಆಸುಪಾಸು, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ. ಆದ್ದರಿಂದ ಆದಷ್ಟೂ ಒಂದೇ ಲ್ಯಾಬಿನಲ್ಲಿ, ಬೆಳಗಿನ ಒಂದೇ ಹೊತ್ತಿನಲ್ಲಿ ರಕ್ತ ಕೊಡುವುದು ಲೇಸು. ಟಿಎಸ್‌ಎಚ್ ರಾತ್ರಿ, ಬೆಳಗಿನ ಜಾವ ಹೆಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ.

ಈ ಪರೀಕ್ಷೆ ಇಲ್ಲದ ಕಾಲದಲ್ಲಿ ಪ್ರಮಾಣ ನಿರ್ಧರಿಸುತ್ತಿದ್ದುದು ರೋಗಿಯ ಮುಖ, ನಾಡಿ, ಮಾತಿನ ವೇಗ ನೋಡಿ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡಿನ ಸಾರವನ್ನು 46 ವರ್ಷದ ಹೆಂಗಸೊಬ್ಬರಿಗೆ ಚುಚ್ಚಿದರು. ಊದಿಕೊಂಡು ಮಂಕಾಗಿದ್ದ ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು ಎಂದು ಮರ್ರೆ ಲೆಕ್ಕ ಬರೆದಿಟ್ಟಿದ್ದಾರೆ. ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರ ಡಿಸೆಂಬರ್ 25ರಂದು ಥೈರಾಕ್ಸಿನ್ನನ್ನು, ಅಂದರೆ ಇದೇ ಟಿ-4 ಹಾರ್ಮೋನನ್ನು, ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಶುದ್ಧ ಹಾರ್ಮೋನು ಕೈಗೆ ಬಂದರೂ ಎಷ್ಟು ಕೊಡಬೇಕೆಂಬ ಅಂದಾಜು ಒರಟಾಗಿಯೇ ಇತ್ತು. ದಿನಕ್ಕೆ 200, 300 ಮೈಕ್ರೋಗ್ರಾಂ ಕೊಡುವುದು ಸಾಮಾನ್ಯವಾಗಿತ್ತು. ಟಿಎಸ್‌ಎಚ್ ಅಳೆಯುವ ವಿಧಾನ ಬಳಕೆಗೆ ಬಂದಮೇಲೆ, 1970ರ ದಶಕದಲ್ಲಿ, ಬಹಳಷ್ಟು ಜನ ಅಗತ್ಯಕ್ಕಿಂತ ಹೆಚ್ಚು ನುಂಗುತ್ತಿದ್ದರೆಂದು ತಿಳಿದು ಪ್ರಮಾಣ ಇಳಿಯಿತು.

ಈಗಿನ ಲೆಕ್ಕ ಹೀಗಿದೆ. ಗ್ರಂಥಿ ಪೂರ್ತಿ ಕೈಕೊಟ್ಟಿದ್ದರೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ 96, ಅಂದರೆ 100ರ ಮಾತ್ರೆ. ವಯಸ್ಸು ಚಿಕ್ಕದು, ಹೃದಯ ಗಟ್ಟಿ ಎಂದಾದರೆ ಮೊದಲ ದಿನದಿಂದಲೇ ಇಷ್ಟು ಕೊಡಬಹುದು. ವಯಸ್ಸಾದವರಿಗೆ, ಹೃದ್ರೋಗ ಇರುವವರಿಗೆ ಹಾಗೆ ಮಾಡುವಂತಿಲ್ಲ. ನಿಧಾನಕ್ಕೆ ಬಡಿದುಕೊಂಡಿದ್ದ ಹೃದಯವನ್ನು ಒಮ್ಮೆಲೇ ಓಡಿಸಿದರೆ ಎದೆನೋವು ಬರಬಹುದು, ಲಯ ತಪ್ಪಬಹುದು. ಅವರಿಗೆ 12.5 ಅಥವಾ 25ರಿಂದ ಶುರುಮಾಡಿ ಆರೆಂಟು ವಾರಕ್ಕೊಂದು ಮೆಟ್ಟಿಲು ಏರಿಸುತ್ತಾರೆ. ಟಿ-4 ಸರಿಯಾಗಿದ್ದು ಟಿಎಸ್‌ಎಚ್ ಮಾತ್ರ ಸ್ವಲ್ಪ ಹೆಚ್ಚಿರುವವರಿಗೆ 25, 50 ಸಾಕಾಗುವುದುಂಟು. ಕೆಲವರಿಗೆ ಮಾತ್ರೆಯೇ ಬೇಡ, ಕಾದು ನೋಡಿದರೆ ಸಾಕು. ಅಕ್ಕನಿಗೆ 100 ಬರೆದಿದ್ದಾರೆ, ನನಗೇಕೆ 50 ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ತೂಕ, ವಯಸ್ಸು, ಗ್ರಂಥಿಯಲ್ಲಿ ಇನ್ನೂ ಉಳಿದಿರುವ ಕಸುವು ಎಲ್ಲರಿಗೂ ಒಂದೇ ಅಲ್ಲ.

ಕೊನೆಯ ಹೊಂದಾಣಿಕೆ ಇನ್ನೂ ನಾಜೂಕು. 75ರಲ್ಲಿ ಟಿಎಸ್‌ಎಚ್ 6 ಬಂತು, 100ಕ್ಕೆ ಏರಿಸಿದರೆ 0.2ಕ್ಕೆ ಕುಸಿಯಿತು. ಏನು ಮಾಡುವುದು? ನಡುವಿನ 88ರ ಮಾತ್ರೆ ಸಿಕ್ಕರೆ ಸರಿ. ಸಿಗದಿದ್ದರೆ ಒಂದು ದಿನ 75, ಮರುದಿನ 100. ಸರಾಸರಿ 87.5 ಆಯಿತು. ಮೈಯಲ್ಲಿ ವಾರಗಟ್ಟಲೆ ಉಳಿಯುವ ಔಷಧಿಯಾದ್ದರಿಂದ ಹೀಗೆ ದಿನ ಬಿಟ್ಟು ದಿನ ಬದಲಿಸಿದರೂ ನಡೆಯುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಗಲಿಬಿಲಿ ಇರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಚೀಟಿಯಲ್ಲಿ ಬರೆದ ಪ್ರಮಾಣ. ಹೊಟ್ಟೆಯಿಂದ ರಕ್ತಕ್ಕೆ ಸೇರುವ ಪ್ರಮಾಣ ಬೇರೆಯೇ ಇರಬಹುದು. ನನ್ನ ಅನುಭವದಲ್ಲಿ "ಡೋಸು ಸಾಲುತ್ತಿಲ್ಲ" ಎನ್ನುವ ದೂರುಗಳಲ್ಲಿ ಬಹುಪಾಲು ಬಗೆಹರಿಯುವುದು ಇಲ್ಲಿ. 125 ತೆಗೆದುಕೊಳ್ಳುತ್ತಿದ್ದರೂ ಟಿಎಸ್‌ಎಚ್ 14 ಬಂದವರನ್ನು ಎದುರಿಗೆ ಕೂರಿಸಿಕೊಂಡು ಬೆಳಗಿನ ಕೆಲಸಗಳನ್ನು ಒಂದೊಂದಾಗಿ ಹೇಳಿಸುತ್ತೇನೆ. ಎದ್ದಿರಿ, ಆಮೇಲೆ? ಮಾತ್ರೆ ಎಲ್ಲಿರುತ್ತದೆ? ಎಷ್ಟು ನೀರು? ನೀರೋ, ಕಾಫಿಯೋ? "ಖಾಲಿ ಹೊಟ್ಟೆಗೇ ತಗೋತೀನಿ ಡಾಕ್ಟ್ರೇ, ತಪ್ಪಿಸಲ್ಲ" ಎನ್ನುತ್ತಾರೆ. ಸುಳ್ಳಲ್ಲ. ಇನ್ನೂ ಸ್ವಲ್ಪ ಕೆದಕಿದರೆ, ಮರೆತುಹೋಗಬಾರದೆಂದು ಮಂಡಿನೋವಿಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಡಬ್ಬಿಯಲ್ಲಿಟ್ಟು, ಅದೇ ಲೋಟದ ನೀರಿನಲ್ಲಿ ಎರಡನ್ನೂ ಒಟ್ಟಿಗೆ ನುಂಗುತ್ತಿರುತ್ತಾರೆ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತಕ್ಕೆ ಹೋಗಬೇಕಾದದ್ದು ಮಲದಲ್ಲಿ ಹೋಗುತ್ತದೆ. ಕ್ಯಾಲ್ಸಿಯಮ್ಮನ್ನು ರಾತ್ರಿಗೆ ಸರಿಸಿದರೆ ಅದೇ 125ಕ್ಕೆ ಟಿಎಸ್‌ಎಚ್ ದಾರಿಗೆ ಬರುತ್ತದೆ, ಒಮ್ಮೊಮ್ಮೆ 125 ಹೆಚ್ಚೇ ಆಗಿಬಿಡುತ್ತದೆ.

ಕಬ್ಬಿಣದ ಮಾತ್ರೆಯದೂ ಇದೇ ಗುಣ. ಎರಡಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ. ಕಾಫಿ, ಸೋಯಾ, ನಾರಿನಂಶದ ಪುಡಿ, ಆಸಿಡಿಟಿಗೆ ಕುಡಿಯುವ ದ್ರವ ಎಲ್ಲವೂ ಅಡ್ಡ ಬರುತ್ತವೆ. ಆಮ್ಲವನ್ನೇ ತಗ್ಗಿಸುವ ಗ್ಯಾಸ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರಿಗೆ ಥೈರಾಕ್ಸಿನ್ ಸ್ವಲ್ಪ ಹೆಚ್ಚು ಬೇಕಾಗಬಹುದು. ಹಾಗಾಗಿ ಬೆಳಿಗ್ಗೆ ಎದ್ದು ಬರೀ ನೀರಿನಲ್ಲಿ ಮಾತ್ರೆ, ತಿಂಡಿ ಕಾಫಿ ಅರ್ಧದಿಂದ ಒಂದು ಗಂಟೆಯ ಮೇಲೆ. ಬೆಳಗಿನ ಗಡಿಬಿಡಿಯಲ್ಲಿ ಇದು ಸಾಧ್ಯವೇ ಇಲ್ಲ ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ, ಮಲಗುವ ಮುಂಚೆ ತೆಗೆದುಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ಸರಿ, ದಿನಕ್ಕೊಂದು ಬಗೆ ಮಾತ್ರ ಬೇಡ. ಕಾಫಿಯ ಜೊತೆಗೇ ನುಂಗುವುದು ನಿಮ್ಮ ಹಟವಾದರೆ, ದಿನವೂ ಹಾಗೆಯೇ ಮಾಡಿ, ವೈದ್ಯರಿಗೆ ಹೇಳಿ. ಅದಕ್ಕೆ ತಕ್ಕ ಪ್ರಮಾಣ ಕೊಡಲು ಬರುತ್ತದೆ. ಗೊತ್ತಿಲ್ಲದ ಅಭ್ಯಾಸಕ್ಕೆ ಪ್ರಮಾಣ ಕೊಡಲು ಯಾರಿಗೂ ಬರುವುದಿಲ್ಲ.

ರಿಪೋರ್ಟು ದಾರಿ ತಪ್ಪಿಸುವ ಸಂದರ್ಭಗಳೂ ಇವೆ. ಟಿ-4 ಸರಿಯಾಗಿದೆ, ಟಿಎಸ್‌ಎಚ್ ಮಾತ್ರ 20. ತಿಂಗಳೆಲ್ಲ ಬಿಟ್ಟು ಬಿಟ್ಟು ನುಂಗಿ, ಪರೀಕ್ಷೆ ಹತ್ತಿರ ಬಂದಾಗ ನಾಲ್ಕು ದಿನ ತಪ್ಪದೆ ನುಂಗಿದರೆ ಹೀಗೆ ಬರುವುದುಂಟು. ಟಿ-4 ಬೇಗ ಏರುತ್ತದೆ, ಟಿಎಸ್‌ಎಚ್ ಹಿಂದೆ ಉಳಿಯುತ್ತದೆ. ನಾನು ಬೈಯುವುದಿಲ್ಲ, ಯಾರೇ ಆಗಲಿ ಬೈಯಬಾರದು. ಬೈದರೆ ಮುಂದಿನ ಸಲ ನಿಜ ಹೇಳುವುದಿಲ್ಲ, ಪ್ರಮಾಣ ಸುಮ್ಮಸುಮ್ಮನೆ ಏರುತ್ತಾ ಹೋಗುತ್ತದೆ.

ಇನ್ನೊಂದು ಬಯೋಟಿನ್ ಕಥೆ. ಥೈರಾಯ್ಡ್ ಕಡಿಮೆಯಾಗಿ ಕೂದಲು ಉದುರುತ್ತದೆ. ಕೂದಲಿಗೆಂದು ಬಯೋಟಿನ್ ಇರುವ ವಿಟಮಿನ್ ಶುರುಮಾಡುತ್ತಾರೆ. ಆ ಬಯೋಟಿನ್ ಕೆಲವು ಲ್ಯಾಬುಗಳ ಪರೀಕ್ಷಾ ವಿಧಾನವನ್ನೇ ಕೆಡಿಸಿ ಟಿಎಸ್‌ಎಚ್ ಕಡಿಮೆ, ಟಿ-4 ಹೆಚ್ಚು ಎಂದು ತೋರಿಸಬಲ್ಲದು. ಮಾತ್ರೆ ಜಾಸ್ತಿಯಾಗಿದೆ ಎಂದುಕೊಂಡು ಪ್ರಮಾಣ ಇಳಿಸಿದರೆ ಉದುರುವ ಕೂದಲು ಇನ್ನಷ್ಟು ಉದುರುತ್ತದೆ. ರಕ್ತ ಕೊಡುವ ಎರಡು ದಿನ ಮುಂಚೆಯಾದರೂ ಅದನ್ನು ನಿಲ್ಲಿಸಿ.

ಪ್ರಮಾಣ ಹೆಚ್ಚಾದರೆ ಚುರುಕು ಬರುತ್ತದಲ್ಲ, ತೂಕವೂ ಇಳಿಯುತ್ತದಲ್ಲ, ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಟಿಎಸ್‌ಎಚ್ 0.1ಕ್ಕಿಂತ ಕೆಳಗೆ ವರ್ಷಗಟ್ಟಲೆ ಇದ್ದರೆ ವಯಸ್ಸಾದವರಲ್ಲಿ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರತೊಡಗುವ ಅಪಾಯ ಹೆಚ್ಚು. ಅದರಿಂದ ಲಕ್ವದ ಭಯ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ. ನಿದ್ದೆ ಬಾರದಿರುವುದು, ಕೈ ನಡುಕ, ಬೆವರು, ಕಾರಣವಿಲ್ಲದ ಸಿಡುಕು ಇವನ್ನು ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕುವ ಮುನ್ನ ಟಿಎಸ್‌ಎಚ್ ನೋಡಿಸಬೇಕು. 70 ದಾಟಿದವರಲ್ಲಿ ಟಿಎಸ್‌ಎಚ್ 4ರಿಂದ 6ರವರೆಗೆ ಇದ್ದರೂ ಸಾಕು, ಯುವಕರ ಅಳತೆಗೆ ಅವರನ್ನು ಎಳೆದು ತರಬೇಕಿಲ್ಲ.

ಟಿಎಸ್‌ಎಚ್ ಸರಿಹೋಗಿದೆ, ಸುಸ್ತು ಹೋಗಿಲ್ಲ ಎನ್ನುವವರ ಮಾತನ್ನು ನಾನು ನಂಬುತ್ತೇನೆ. ಆದರೆ ಮೊದಲು ನೋಡುವುದು ಹಿಮೋಗ್ಲೋಬಿನ್, ಬಿ-12, ಗೊರಕೆ, ನಿದ್ದೆ, ಮನಸ್ಸಿನ ಖಿನ್ನತೆ. ಥೈರಾಯ್ಡ್ ಒಂದರ ತಲೆಗೇ ಎಲ್ಲವನ್ನೂ ಕಟ್ಟುವುದು ತೀರಾ ಸಲೀಸಾಗಿಬಿಟ್ಟಿದೆ. ಥೈರಾಯ್ಡಿನ ಇನ್ನೊಂದು ಹಾರ್ಮೋನಾದ ಟಿ-3ರ ಮಾತ್ರೆಯನ್ನೂ ಸೇರಿಸಿ ನೋಡುವ ಪದ್ಧತಿಯೂ ಇದೆ. ಟಿ-4 ಮಾತ್ರೆಯಿಂದಲೇ ದೇಹ ಟಿ-3 ಮಾಡಿಕೊಳ್ಳುತ್ತದೆ ಎಂಬುದು 1970ರಲ್ಲೇ ರುಜುವಾತಾಗಿರುವುದರಿಂದ ಹೆಚ್ಚಿನವರಿಗೆ ಅದರ ಅಗತ್ಯ ಬೀಳುವುದಿಲ್ಲ. ಪಿಟ್ಯುಟರಿಯೇ ಕೆಟ್ಟು ಥೈರಾಯ್ಡ್ ಕುಗ್ಗಿದವರ ವಿಷಯ ಬೇರೆ. ಅವರಲ್ಲಿ ಟಿಎಸ್‌ಎಚ್ ನಂಬುವಂತಿಲ್ಲ, ಫ್ರೀ ಟಿ-4, ಅಂದರೆ ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ-4, ನೋಡಿಯೇ ಪ್ರಮಾಣ ಹೇಳಬೇಕು.

ತಡಮಾಡಬಾರದ ಸಂದರ್ಭ ಒಂದಿದೆ, ಬಸಿರು. ಮೊದಲ ಮೂರು ತಿಂಗಳು ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಗತಿ. ಈ ಮಾತ್ರೆ ನುಂಗುತ್ತಿರುವ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿಗೆ ಬಸಿರಿನಲ್ಲಿ ಪ್ರಮಾಣ ಕಾಲುಭಾಗಕ್ಕೂ ಮಿಕ್ಕಿ ಏರಿಸಬೇಕಾಗುತ್ತದೆ. ವಾರಕ್ಕೆ ಏಳು ಮಾತ್ರೆಯ ಬದಲು ಒಂಬತ್ತು ಎಂಬುದು ರೂಢಿಯ ಲೆಕ್ಕ. ಮಗು ಬೇಕೆಂದಿದ್ದರೆ ಮುಂಚೆಯೇ ವೈದ್ಯರನ್ನು ಕೇಳಿ ಬರೆಸಿಟ್ಟುಕೊಳ್ಳಿ, ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಗೊತ್ತಾದ ದಿನವೇ ಏರಿಸಲು ಅನುಕೂಲ. ಅಲ್ಲಿಂದ ಬಸಿರಿನ ಅರ್ಧದವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್. ಬಸಿರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ನಾಲ್ಕು ಗಂಟೆಯ ಅಂತರ ತಪ್ಪದೆ ಇರಲಿ. ಹೆರಿಗೆಯಾದ ಮೇಲೆ ಹಳೆಯ ಪ್ರಮಾಣಕ್ಕೆ ಇಳಿಸಿ, ಆರು ವಾರಕ್ಕೆ ಮತ್ತೆ ಪರೀಕ್ಷೆ.

ಪ್ರಮಾಣ ಒಮ್ಮೆ ಕೂತಮೇಲೆ ವರ್ಷಕ್ಕೊಂದು ಪರೀಕ್ಷೆ ಸಾಕು. ಕಂಪನಿ ಬದಲಾದರೆ, ತೂಕ ಬಹಳ ಏರಿ ಇಳಿದರೆ, ಫಿಟ್ಸ್ ಮಾತ್ರೆ, ಕ್ಷಯದ ಮಾತ್ರೆ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಶುರುವಾದರೆ ಮಧ್ಯದಲ್ಲೂ ಮಾಡಿಸಬೇಕು. ಅಂಗಡಿಯಲ್ಲಿ ಪಟ್ಟಿ ಕೊಟ್ಟಾಗ ಹಿಂಬದಿ ಓದಿ. 0.1 ಮಿಲಿಗ್ರಾಂ ಎಂದರೂ 100 ಮೈಕ್ರೋಗ್ರಾಂ ಎಂದರೂ ಒಂದೇ, 0.05 ಎಂದರೆ 50. ಮಾತ್ರೆಯನ್ನು ಬಿಸಿಲು, ತೇವ ತಾಗದಲ್ಲಿಡಿ, ಬಚ್ಚಲುಮನೆಯ ಗೂಡಿನಲ್ಲಿ ಬೇಡ. ಫ್ರೀ ಟಿ-4 ಕೂಡ ಬರೆದಿದ್ದರೆ ಅವತ್ತಿನ ಮಾತ್ರೆಯನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ನಮಸ್ಕಾರ.