ಯುದ್ಧಕ್ಕೆ ಹೂಂ ಅಂದವರು ಯಾರು? ಮತ ಹಾಕಲು ಹೆದರುವ ಅಮೆರಿಕದ ಸಂಸತ್ತು

(ಪರದೆಯಲ್ಲಿ: ಏಪ್ರಿಲ್ 28, 1999)

ನಮಸ್ಕಾರ. ಈ ತಾರೀಖು ಯಾರಿಗೂ ನೆನಪಿರಲಿಕ್ಕಿಲ್ಲ. ನನಗೆ ಮಾತ್ರ ಅಮೆರಿಕದ ರಾಜಕೀಯ ಅರ್ಥವಾಗಿದ್ದೇ ಈ ಒಂದು ದಿನದಿಂದ.

ಕೊಸೊವೊ ಪ್ರಾಂತ್ಯದ ಜಗಳದಲ್ಲಿ ನ್ಯಾಟೊ (ಅಮೆರಿಕ ಮತ್ತು ಮಿತ್ರರಾಷ್ಟ್ರಗಳ ಸೇನಾ ಕೂಟ) ವಿಮಾನಗಳು ಯುಗೊಸ್ಲಾವಿಯಾ ಮೇಲೆ ಬಾಂಬ್ ಹಾಕಲು ಶುರುಮಾಡಿ ತಿಂಗಳು ದಾಟಿತ್ತು. ಆ ದಿನ ಅಮೆರಿಕದ ಸಂಸತ್ತಿನ ಕೆಳಮನೆ, ಅಂದರೆ ಪ್ರತಿನಿಧಿ ಸಭೆ, ಮತಕ್ಕೆ ಕೂತಿತು. ಯುದ್ಧ ಘೋಷಿಸೋಣವೇ? ಬೇಕು ಅಂದವರು 2, ಬೇಡ ಅಂದವರು 427. ಹಾಗಾದರೆ ಸೈನ್ಯವನ್ನು ವಾಪಸ್ ಕರೆಸೋಣವೇ? ಬೇಕು 139, ಬೇಡ 290. ಹೋಗಲಿ, ನಡೆಯುತ್ತಿರುವ ದಾಳಿಗೆ ಒಪ್ಪಿಗೆಯನ್ನಾದರೂ ಕೊಡೋಣವೇ?

(ಪರದೆಯಲ್ಲಿ: 213 – 213)

ಸಮಸಮ. ಅಂದರೆ ಅದೂ ಬಿದ್ದುಹೋಯಿತು. ಅಡ್ಡಗೋಡೆ ಮೇಲೆ ದೀಪ ಇಡೋದು ಅಂದರೆ ಇದೇ ಅಲ್ವಾ? ಮುಂದಿನ ತಿಂಗಳು ಇದೇ ಸಂಸತ್ತು ಆ ಯುದ್ಧದ ಖರ್ಚಿಗೆ ದುಡ್ಡನ್ನೂ ಕೊಟ್ಟಿತು. ಬಾಂಬ್ ದಾಳಿ ಒಟ್ಟು 78 ದಿನ ನಡೆಯಿತು.

ಅಧ್ಯಕ್ಷರು ಯುದ್ಧದ ಅಧಿಕಾರ ಕಿತ್ತುಕೊಂಡರು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಸಂಸದರೇ ಅದನ್ನು ಕೈಯಾರೆ ಒಪ್ಪಿಸಿದ್ದಾರೆ.

ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಸಂಸತ್ತಿನದು. ಆದರೆ ಅದು ಕೊನೆಯ ಸಲ ಯುದ್ಧ ಘೋಷಿಸಿದ್ದು 1942ರಲ್ಲಿ, ಬಲ್ಗೇರಿಯಾ, ಹಂಗೇರಿ, ರೊಮೇನಿಯಾ ಮೇಲೆ. ಆಮೇಲೆ ಕೊರಿಯಾ, ವಿಯೆಟ್ನಾಂ, ಇರಾಕ್ ಎಲ್ಲಾ ಆಯಿತು. ಘೋಷಣೆ ಮಾತ್ರ ಒಂದೂ ಇಲ್ಲ.

ಯಾಕೆ ಹೆದರಿಕೆ? ಹಾಕಿದ ಮತ ದಾಖಲೆಯಲ್ಲಿ ಉಳಿಯುತ್ತದೆ. 2002ರಲ್ಲಿ ಹಿಲರಿ ಕ್ಲಿಂಟನ್ ಇರಾಕ್ ಯುದ್ಧದ ಪರ ಮತ ಹಾಕಿದರು. 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಓಡಾಡುವಾಗ ಅದೇ ಮತ ಅವರ ಕಾಲಿಗೆ ತೊಡರಿತು. ಎದುರಾಳಿ ಒಬಾಮಾ ಯುದ್ಧದ ವಿರುದ್ಧ ಮಾತಾಡಿದ್ದರು, ನಿಜ. ಆದರೆ ಆಗ ಅವರು ಇಲಿನಾಯ್ ರಾಜ್ಯದ ಶಾಸಕರು. ಮತ ಹಾಕುವ ಫಜೀತಿಯೇ ಅವರಿಗೆ ಬಂದಿರಲಿಲ್ಲ.

ಬೇಡ ಅಂದರೂ ಕಷ್ಟವೇ. ಸೆಪ್ಟೆಂಬರ್ 11ರ ದಾಳಿಯಾಗಿ ಮೂರೇ ದಿನಕ್ಕೆ, ಅಧ್ಯಕ್ಷರಿಗೆ ಬಲಪ್ರಯೋಗದ ಅಧಿಕಾರ ಕೊಡುವ ಕಾನೂನು ಮತಕ್ಕೆ ಬಂತು. ಪ್ರತಿನಿಧಿ ಸಭೆಯಲ್ಲಿ 420 ಜನ ಹೂಂ ಅಂದರು. ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಒಬ್ಬರೇ ಬೇಡ ಅಂದರು. ಅವರಿಗೆ ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಬೇಕಾಯಿತು. ಆ ಕಾನೂನಿನಲ್ಲಿ ಅಲ್ ಖೈದಾ ಹೆಸರಿಲ್ಲ, ಅಫ್ಘಾನಿಸ್ತಾನದ ಹೆಸರಿಲ್ಲ, ಕೊನೆಯ ದಿನಾಂಕವೂ ಇಲ್ಲ. 2014ರಲ್ಲಿ ಐಸಿಸ್ ಮೇಲಿನ ದಾಳಿಗೂ ಒಬಾಮಾ ಅದನ್ನೇ ತೋರಿಸಿದರು. ಮರುವರ್ಷ, ಇದಕ್ಕೇ ಬೇರೆ ಕಾನೂನು ಮಾಡಿಕೊಡಿ ಅಂತ ಕರಡು ಕಳಿಸಿದರು. ಸಂಸತ್ತು ಅದನ್ನು ಮತಕ್ಕೇ ಹಾಕಲಿಲ್ಲ!

ತಡೆಯಲು ಕಾನೂನೇ ಇಲ್ಲವೇ? ಇದೆ. ವಿಯೆಟ್ನಾಂ ನಂತರ, 1973ರಲ್ಲಿ, ಅಧ್ಯಕ್ಷ ನಿಕ್ಸನ್ ಹಾಕಿದ ವೀಟೊವನ್ನೂ (ತಡೆಯನ್ನೂ) ಮೀರಿ ಮಾಡಿದ್ದು. 48 ಗಂಟೆಯಲ್ಲಿ ಸಂಸತ್ತಿಗೆ ತಿಳಿಸಬೇಕು. ಒಪ್ಪಿಗೆ ಸಿಗದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು, ಹಿಂತೆಗೆತಕ್ಕೆ ಇನ್ನೂ 30 ದಿನ. 2011ರಲ್ಲಿ ಲಿಬಿಯಾ ದಾಳಿ 60 ದಿನ ದಾಟಿತು. ಆಗ ಒಬಾಮಾ ಸರ್ಕಾರ, ಇದು ಕಾನೂನು ಹೇಳುವಂಥ ‘ಕಾದಾಟ’ವೇ ಅಲ್ಲ ಅಂದುಬಿಟ್ಟಿತು. ವಕೀಲರ ಜಾಣತನ, ಬಿಡಿ.

ಈ ಕಾನೂನಿಗೆ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು 1983ರಲ್ಲಿ, ವಲಸೆಗೆ ಸಂಬಂಧಿಸಿದ ಬೇರೆಯೇ ಕೇಸಿನಿಂದ. ಅಧ್ಯಕ್ಷರ ಸಹಿ ಇಲ್ಲದ ಬರೀ ನಿರ್ಣಯದಿಂದ ಸಂಸತ್ತು ಸರ್ಕಾರದ ಕೈ ಕಟ್ಟುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಯುದ್ಧ ನಿಲ್ಲಿಸುವ ನಿರ್ಣಯವೂ ಅಧ್ಯಕ್ಷರ ಮೇಜಿಗೆ ಹೋಗಬೇಕು. ತಮ್ಮದೇ ಯುದ್ಧ ನಿಲ್ಲಿಸಲು ಅವರು ಯಾಕೆ ಸಹಿ ಹಾಕುತ್ತಾರೆ? 2019ರಲ್ಲಿ ಯೆಮನ್ ನಿರ್ಣಯ, 2020ರಲ್ಲಿ ಇರಾನ್ ನಿರ್ಣಯ, ಎರಡಕ್ಕೂ ಟ್ರಂಪ್ ವೀಟೊ ಹಾಕಿದರು.

(ಪರದೆಯಲ್ಲಿ: ಜೂನ್ 2025)

ಮತ್ತೆ ಇರಾನ್. ಸಂಸತ್ತನ್ನು ಕೇಳದೆ ಟ್ರಂಪ್ ಫೋರ್ಡೊ, ನಟಾಂಜ್, ಇಸ್ಫಹಾನ್ ಅಣುಕೇಂದ್ರಗಳ ಮೇಲೆ ದಾಳಿ ಮಾಡಿಸಿದರು. ಮುಂದಿನ ಹೆಜ್ಜೆಗೆ ಅನುಮತಿ ಬೇಕು ಅಂತ ಡೆಮಾಕ್ರಟಿಕ್ ಪಕ್ಷದ ಟಿಮ್ ಕೇನ್ ಮೇಲ್ಮನೆಯಾದ ಸೆನೆಟ್‌ನಲ್ಲಿ ನಿರ್ಣಯ ತಂದರು. ಟ್ರಂಪ್ ಪಕ್ಷದ ರಿಪಬ್ಲಿಕನ್ನರಲ್ಲಿ ಪರ ನಿಂತವರು ರ‍್ಯಾಂಡ್ ಪಾಲ್ ಒಬ್ಬರೇ. ಡೆಮಾಕ್ರಟರಲ್ಲಿ ವಿರುದ್ಧ ಹೋದವರು ಜಾನ್ ಫೆಟರ್‌ಮನ್ ಒಬ್ಬರೇ. ಉಳಿದವರಿಗೆ ಸಂವಿಧಾನಕ್ಕಿಂತ ಪಕ್ಷ ಹತ್ತಿರವಾಯಿತು ಅಂತ ನನ್ನ ಅನಿಸಿಕೆ. ನಿರ್ಣಯ ಗೆದ್ದು, ಟ್ರಂಪ್ ವೀಟೊ ಹಾಕಿದ್ದರೆ, ಅದನ್ನು ಮೀರಲು ಸೆನೆಟ್‌ನಲ್ಲೇ ಮೂರನೇ ಎರಡು ಭಾಗ, ಅಂದರೆ 100ರಲ್ಲಿ 67 ಮತ ಬೇಕಿತ್ತು. ಸಿಕ್ಕಿದ್ದು 47.