ಕಂಪನಿ ಕೊಟ್ಟ ರೌಟರ್ ಬದಲು ನಮ್ಮದೇ ಹಾಕಬಹುದಾ?

ನಮಸ್ಕಾರ. ಫೈಬರ್ ಕನೆಕ್ಷನ್ ಜೊತೆ ಬಂದ ಬಿಳಿ ಡಬ್ಬಿ ಕಿತ್ತು, ನಮ್ಮ ದುಡ್ಡಲ್ಲಿ ತಂದ ರೌಟರ್ ಹಾಕಬಹುದಾ? ತುಂಬಾ ಜನ ಕೇಳುತ್ತಾರೆ. ರೌಟರ್ ಹಾಕಬಹುದು. ಡಬ್ಬಿ ಕೀಳುವುದು ಬೇಡ.

ಅದರೊಳಗೆ ಎರಡು ಕೆಲಸ ನಡೆಯುತ್ತದೆ. ಫೈಬರ್‌ನ ಬೆಳಕನ್ನು ಡೇಟಾ ಮಾಡುವುದು ಓಎನ್‌ಟಿ. ಮನೆಗೆಲ್ಲ ವೈಫೈ ಹಂಚುವುದು ರೌಟರ್. ನಾವು ಬದಲಿಸುವುದು ಎರಡನೆಯದನ್ನು ಮಾತ್ರ.

[ದೃಶ್ಯ: ಕಂಬದ ಮೇಲಿನ ಸ್ಪ್ಲಿಟರ್ ಪೆಟ್ಟಿಗೆ]

ಓಎನ್‌ಟಿ ಯಾಕೆ ಮುಟ್ಟಬಾರದು? ನನಗೆ ತುಂಬಾ ಇಷ್ಟದ ಭಾಗ ಇದೇ. ಎಕ್ಸ್‌ಚೇಂಜಿನಿಂದ ಹೊರಟ ಒಂದೇ ಎಳೆ ದಾರಿಯಲ್ಲಿ ಕವಲೊಡೆದು 32 ಅಥವಾ 64 ಮನೆಗೆ ಹೋಗುತ್ತದೆ. ಬರುವ ಡೇಟಾ ಎಲ್ಲ ಮನೆಗೂ ತಲುಪುತ್ತದೆ, ನಿಮ್ಮ ಡಬ್ಬಿ ತನ್ನ ಪಾಲನ್ನಷ್ಟೇ ತೆಗೆದುಕೊಳ್ಳುತ್ತದೆ. ಕಳಿಸುವಾಗ ಮಾತ್ರ ಕಾಲುವೆ ನೀರಿನ ಸರದಿ ಇದ್ದ ಹಾಗೆ: ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ತೂಬು ಎತ್ತುವಂತಿಲ್ಲ. ಈ ಪಾಳಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಹತ್ತಿರದ ಮನೆಯ ಬೆಳಕು, ದೂರದ ಮನೆಯ ಬೆಳಕು ಒಂದರ ಮೇಲೊಂದು ಬೀಳಬಾರದು. ಅದಕ್ಕೇ ಎಕ್ಸ್‌ಚೇಂಜಿನ ಯಂತ್ರ ಪ್ರತಿ ಡಬ್ಬಿ ಎಷ್ಟು ದೂರದಲ್ಲಿದೆ ಅಂತ ಅಳೆದು, 'ನೀನು ಇಷ್ಟು ತಡೆದು ಕಳಿಸು' ಅಂತ ಹೇಳಿರುತ್ತದೆ. ಎಷ್ಟು ಚೆಂದ ಅಲ್ವಾ! ಡಬ್ಬಿಯ ಗುರುತು ಅದಕ್ಕೆ ಸಿಗುವುದು ಸೀರಿಯಲ್ ನಂಬರ್‌ನಿಂದ. ಅಂಗಡಿಯಿಂದ ತಂದದ್ದನ್ನು ಸುಮ್ನೆ ಚುಚ್ಚಿದರೆ ಪಾಳಿಯೇ ಸಿಗುವುದಿಲ್ಲ.

ಹಾಗಾಗಿ ಕಂಪನಿಗೆ ಫೋನ್ ಮಾಡಿ. 'ಓಎನ್‌ಟಿ ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ, ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಎಲ್ಯಾನ್ ನಂಬರ್ ಹೇಳಿ' ಅನ್ನಿ. ಬ್ರಿಡ್ಜ್ ಮೋಡ್ ಅಂದರೆ ಡಬ್ಬಿ ಬೆಳಕನ್ನು ಡೇಟಾ ಮಾಡಿ ದಾಟಿಸುತ್ತದೆ ಅಷ್ಟೇ, ರೌಟರ್ ಕೆಲಸ ಬಿಡುತ್ತದೆ. ಪಿಪಿಪಿಒಇ ಅಂದರೆ ಕಂಪನಿಯ ನೆಟ್‌ಗೆ ಲಾಗಿನ್ ಆಗುವ ವಿಧಾನ, ವಿಎಲ್ಯಾನ್ ನಂಬರ್ ಅಂದರೆ ಅವರ ಲೈನಿನಲ್ಲಿ ನಿಮ್ಮ ಇಂಟರ್ನೆಟ್ ಡೇಟಾವನ್ನು ಬೇರೆಯಾಗಿ ಗುರುತಿಸುವ ನಂಬರ್. ಈ ವಿವರಗಳನ್ನು ನಿಮ್ಮ ರೌಟರ್‌ನಲ್ಲಿ ತುಂಬಿ, ಓಎನ್‌ಟಿಯ ಲ್ಯಾನ್ ಪೋರ್ಟಿನಿಂದ ರೌಟರ್‌ನಲ್ಲಿ ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗೆ ಒಂದು ಕೇಬಲ್ ಎಳೆಯಿರಿ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಕಾನೂನು ಈ ವಿವರಗಳನ್ನು ಗ್ರಾಹಕ ಕೇಳದೆಯೇ, ಪುಕ್ಕಟೆಯಾಗಿ ಕೊಡಬೇಕು ಅನ್ನುತ್ತದೆ. ದುಡ್ಡು ಕಟ್ಟುವವರು ನಾವು, ನಮ್ಮ ಪಾಸ್‌ವರ್ಡ್‌ಗೆ ನಾವೇ ಗೋಗರೆಯಬಾರದು. ಇಲ್ಲೂ ಹಾಗೇ ಇರಬೇಕು ಅನ್ನುವುದು ನನ್ನ ಖಡಕ್ ಅಭಿಪ್ರಾಯ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಬೇಗ. ಲ್ಯಾಂಡ್‌ಲೈನ್ ಅದೇ ಡಬ್ಬಿಗೆ ಸೇರಿದ್ದರೆ, ಬ್ರಿಡ್ಜ್ ಆದ ಮೇಲೂ ಫೋನ್ ನಡೆಯುತ್ತದಾ ಅಂತ ಮೊದಲೇ ಕೇಳಿ. ಬ್ರಿಡ್ಜ್ ಮಾಡಿಕೊಡಲ್ಲ ಅಂದರೆ ಡಬ್ಬಿಯ ವೈಫೈ ಆಫ್ ಮಾಡಿ, ನಿಮ್ಮ ರೌಟರನ್ನು ಬರೀ ವೈಫೈ ಹಂಚುವ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿಡಿ. ಡಬ್ಬಿಗೆ ಫೈಬರ್ ಸೇರುವ ಹಸಿರು ಕನೆಕ್ಟರ್ ಎಳೆಯಬೇಡಿ: ಅದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ಬೆರಳಿನ ಜಿಡ್ಡು ತಾಗಿದರೂ ಸಿಗ್ನಲ್ ಕುಗ್ಗಬಹುದು. ಎಲ್‌ಓಎಸ್ ಅಂತ ಬರೆದ ದೀಪ ಕೆಂಪಗೆ ಮಿನುಗಿದರೆ ರೌಟರ್ ಸೆಟ್ಟಿಂಗ್ ಕೆದಕಬೇಡಿ. ಬೆಳಕೇ ಬರುತ್ತಿಲ್ಲ ಅಂತ ಅರ್ಥ, ಲೈನ್‌ಮ್ಯಾನ್ ಕರೆಸಿ.